ದುರ್ಗಿಯ ಮಡಿಲಿನ ಬಾಟಲಿಗಳು

ಶೆಟಗೇರಿಯ ದುರ್ಗಿಗೆ ಅಕ್ಷರ ಬರುವುದಿಲ್ಲ. ಆದರೆ ದನದ ಮೈಯಿಂದ ಉಣುಗನ್ನು ಅದರ ಬಾಯಿ ಮುರಿಯದ ಹಾಗೆ ಕೀಳುವುದರಲ್ಲಿ ಊರಲ್ಲೇ ಅವಳನ್ನು ಮೀರಿಸಿದವರಿಲ್ಲ. ಉಣುಗಿನಿಂದ ಹರಡುವ ಜ್ವರದ ಸಂಶೋಧನೆಗೆಂದು ಕಾರವಾರದಿಂದ ಬಂದ ಸಂದೀಪ, ಮೂರು ದಿನ ಚಿಮಟ ಹಿಡಿದು ಒದ್ದಾಡಿ, ಹಸುವಿನಿಂದ ಒದೆ ತಿಂದು, ಕೊನೆಗೆ ಬಾಟಲಿಗಳನ್ನು ಅವಳ ಕೈಗೇ ಕೊಟ್ಟ. ಯಾವ ಬಾಟಲಿ ಯಾವ ಮನೆಯದೆಂಬ ಗುರುತಿಗೆ ದುರ್ಗಿ ಒಂದೊಂದರ ಕುತ್ತಿಗೆಗೂ ಒಂದೊಂದು ಬಣ್ಣದ ನೂಲು ಕಟ್ಟುತ್ತಿದ್ದಳು. ಎರಡು ವರ್ಷದಲ್ಲಿ ಸಂದೀಪನ ಪಟ್ಟಿ ಎರಡು ಸಲ ತಪ್ಪಿತು, ಅವಳ ನೂಲು ಒಮ್ಮೆಯೂ ತಪ್ಪಲಿಲ್ಲ.

ಈ ಏಪ್ರಿಲ್‌ನಲ್ಲಿ ಸೊಸೆ ಗಾಯತ್ರಿ ಜ್ವರ ಬಂದು ಮಲಗಿದಳು. ಆಸ್ಪತ್ರೆಯಲ್ಲಿ ಡೆಂಗ್ಯೂ ಅಂದರು, ಅಲ್ಲ ಅಂದರು, ವೈರಲ್ ಅಂದರು. ಆರನೆಯ ದಿನ ಅಂಗೈ ಅಂಗಾಲಿನ ತುಂಬ ಕೆಂಪು ಚುಕ್ಕೆ ಎದ್ದು, ಮಾತು ತೊದಲತೊಡಗಿತು. ಹಸು ಕರೆಯಲೆಂದು ದುರ್ಗಿ ಆಸ್ಪತ್ರೆಯಿಂದ ಓಡಿ ಬಂದರೆ ಅಂಗಳದಲ್ಲಿ ಸಂದೀಪ ನಿಂತಿದ್ದ.

"ಈ ಸಲದ ಬಾಟ್ಲಿ ಕೊಡಿ ಅಕ್ಕಾ. ಹೋದ ಸಲ ನಿಮ್ಮ ಕೇರಿ ಉಣುಗಿನಲ್ಲೇ ರೋಗದ ಕ್ರಿಮಿ ಸಿಕ್ತು, ಗೊತ್ತುಂಟಾ?" ಎಂದ, ಬಹುಮಾನ ಬಂದವನ ಖುಷಿಯಲ್ಲಿ.

"ಯಾವ ರೋಗ ತಮಾ?"

"ಜ್ವರ ಬಂದು ಅಂಗೈಲಿ ಕೆಂಪು ಚುಕ್ಕಿ ಏಳ್ತದೆ."

ದುರ್ಗಿ ಜಗಲಿಯ ಮೇಲಿದ್ದ ಬಾಟಲಿಗಳನ್ನು ತನ್ನತ್ತ ಎಳೆದುಕೊಂಡಳು. "ನಿಂಗೆ ಯಾವಾಗ ಗೊತ್ತಾಯ್ತು?"

"ಜನವರಿಲಿ. ಆದ್ರೆ ಪೇಪರ್ ಅಚ್ಚಾಗೂವರೆಗೆ ಹೊರಗೆ ಹೇಳೂ ಹಂಗಿಲ್ಲ ಅಂತ ನಮ್ಮ ಸಾಹೇಬ್ರು..."

ಅಚ್ಚಾಗುವವರೆಗೆ! ಉಣುಗು ಇವರ ಅಚ್ಚಿಗೆ ಕಾಯುತ್ತದೆಯೇ? ಕಿತ್ತು ಕೊಟ್ಟವಳು ಇವಳು, ಕಚ್ಚಿಸಿಕೊಂಡವರು ಇವಳ ಮನೆಯವರು, ಸುದ್ದಿ ಮಾತ್ರ ಸಾಹೇಬರ ಕಡತದಲ್ಲಿ. ದುರ್ಗಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ಬಾಟಲಿಗಳನ್ನೂ ಸೆರಗಿನಲ್ಲಿ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಳು.

"ನನ್ ಸೊಸಿ ಆರ್ ದಿವ್ಸದಿಂದ ಬಿದ್ಕಂಡದೆ. ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡು. ಇಲ್ದಿದ್ರೆ ಎಲ್ಲಾ ಒಲೆಗೆ ಹಾಕ್ತೆ."

ಸಾಹೇಬರನ್ನು ಕೇಳಬೇಕು ಎಂದು ಸಂದೀಪ ರಾಗ ಎಳೆದ. ದುರ್ಗಿ ಎದ್ದು ಬಚ್ಚಲೊಲೆಯ ಕಡೆ ನಡೆದಳು. ಅವನು ಅಲ್ಲೇ ನಿಂತು ಡಾಕ್ಟರಿಗೆ ಫೋನು ಹಚ್ಚಿದ.

ಅಂದೇ ಸಂಜೆ ಮಾತ್ರೆ ಶುರುವಾಯಿತು. ಮೂರನೆಯ ದಿನ ಜ್ವರ ಬಿಟ್ಟು ಗಾಯತ್ರಿ ಗಂಜಿ ಕೇಳಿದಳು. ದೇವರು ಕಾಪಾಡಿದ ಎಂದರು ಕೇರಿಯವರು. ದುರ್ಗಿಯ ಸಿಟ್ಟು ಮಾತ್ರ ಇಳಿಯಲಿಲ್ಲ.

"ಈ ಗುಳ್ಗಿ ಎಲ್ಲಿಂದ ತರ್ಸಿದ್ರಿ?" ಎಂದು ನರ್ಸ್ ಭಾರತಿಯನ್ನು ಕೇಳಿದಳು.

"ತರ್ಸೂದೆಂತಕ್ಕೆ? ಯಾವಾಗ್ಲೂ ಇಲ್ಲೇ ಇರ್ತದೆ" ಎಂದು ಭಾರತಿ ಕಪಾಟು ತೋರಿಸಿದಳು.

ಪಕ್ಕದ ಮನೆಯ ಬೀರಿ ಅಂಗೈ ತುಂಬ ಇಂಥದೇ ಚುಕ್ಕೆ ಎದ್ದು, ಆ ಕಪಾಟಿನ ಎದುರಿನ ಮಂಚದ ಮೇಲೇ ಸತ್ತದ್ದು ಮಾರ್ಚ್‌ನಲ್ಲಿ.