ಎಂಬತ್ತಮೂರನೆಯ ಪುಟದ ಸೇಡು

ಬೈಂಡರನ ಬದುಕಿನಲ್ಲಿ ಎರಡು ದೊಡ್ಡ ಸಂಕಟಗಳಿದ್ದವು. ಒಂದು ಎಡಗೈ, ಇನ್ನೊಂದು ಷಡ್ಡಕ. ಎಡಗೈಯನ್ನು ಶಾಲೆಯ ಮೇಷ್ಟರು ಅಡಿಕೋಲಿನಿಂದ ತಿದ್ದಲು ನೋಡಿ ಸೋತರು. ಷಡ್ಡಕನನ್ನು ತಿದ್ದಬಲ್ಲ ಮೇಷ್ಟರು ಇನ್ನೂ ಹುಟ್ಟಿರಲಿಲ್ಲ.

ಕೋರ್ಟಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಇಪ್ಪತ್ತೆಂಟು ವರ್ಷಗಳಿಂದ ಅಲ್ಲಿ ಕೂತು, ಬೆನ್ನು ಮುರಿದುಕೊಂಡ ಲೈಬ್ರರಿ ಪುಸ್ತಕಗಳಿಗೆ ಬೆನ್ನು ಕೂರಿಸಿದ್ದಾನೆ, ಕಚೇರಿಗಳ ರಿಜಿಸ್ಟರುಗಳಿಗೆ ರಟ್ಟು ಹಾಕಿದ್ದಾನೆ. ಉಗುರಿನ ಸಂದಿಯಲ್ಲಿ ಸದಾ ಒಣಗಿದ ಅಂಟು. ಎಡಚನಾದ್ದರಿಂದ ಅವನು ಹಾಕುವ ಗಂಟು ಲೋಕದ ಗಂಟಿಗೆ ತಿರುಗುಮುರುಗು. ಓಣಿಯಲ್ಲಿ ಅವನಷ್ಟು ಸಾಧು ಪ್ರಾಣಿ ಮತ್ತೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆ ಸಾಧು ಪ್ರಾಣಿ ಹನ್ನೊಂದು ವರ್ಷದಿಂದ ಹಲ್ಲು ಮಸೆಯುತ್ತಿರುವುದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಕಾರಣ, ಒಂದು ಸೇತುವೆ.

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಕಾಗದ ಕತ್ತರಿಸುವ ದೊಡ್ಡ ಮೇಜಿನ ಸುತ್ತ ನಾಲ್ವರು ಕೂರುತ್ತಿದ್ದರು: ಬೈಂಡರ್, ಸರ್ವೆ ಇಲಾಖೆಯಲ್ಲಿದ್ದ ಷಡ್ಡಕ, ಎದುರು ಬೀದಿಯ ಹಲ್ಲಿನ ಡಾಕ್ಟರಮ್ಮ, ಮತ್ತು ಏನು ಕೇಳಿದರೂ 'ರೈಟ್' ಎನ್ನುವ ಬಸ್ ಕಂಡಕ್ಟರ್. ಅವನಿಗೆ ರೈಟ್ ಎಂದೇ ಹೆಸರು ಬಿದ್ದಿತ್ತು. ಇವರು ಆಡುತ್ತಿದ್ದುದು ಕಥೆಯ ಆಟ. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬ ವೀರನನ್ನು ಸಾಕಿಕೊಂಡು, ಅವನು ಏನು ಮಾಡುತ್ತಾನೆಂದು ಬಾಯಲ್ಲಿ ಹೇಳಿ, ದಾಳ ಉರುಳಿಸುತ್ತಾರೆ. ವೀರನ ಜಾತಕವೆಲ್ಲ ಒಂದು ಹಾಳೆಯಲ್ಲಿ. ಕಥೆ ನಡೆಯುವ ರಾಜ್ಯದ ಹೆಸರು 'ಏಳು ಹೊಳೆಗಳ ನಾಡು'. ಅದರ ಊರು, ಕೋಟೆ, ಕಳ್ಳದಾರಿಗಳೆಲ್ಲ ಒಂದು ದಪ್ಪ ಪುಸ್ತಕದಲ್ಲಿದ್ದವು.

ತೊಂದರೆಯೆಂದರೆ, ಆ ಪುಸ್ತಕಕ್ಕೆ ಒಂದಕ್ಕಿಂತ ಹೆಚ್ಚು ಆವೃತ್ತಿ. ಮೊದಲನೆಯದರಲ್ಲಿ ಕಂಚಿನಕೋಟೆಯ ಹೊಳೆಗೆ ಮೂರು ಕಮಾನಿನ ಕಲ್ಲು ಸೇತುವೆ, ಗಟ್ಟಿಮುಟ್ಟಾಗಿದೆ. ಎರಡನೆಯದರ ಹೊತ್ತಿಗೆ ಯುದ್ಧವಾಗಿ ಸೇತುವೆ ಉರುಳಿದೆ.

ಹನ್ನೊಂದು ವರ್ಷದ ಹಿಂದೆ ಷಡ್ಡಕ ಸೂತ್ರಧಾರನಾಗಿದ್ದ. ಆಡುತ್ತಿದ್ದುದು ಮೊದಲನೆಯ ಆವೃತ್ತಿ. ಬೈಂಡರನ ವೀರ, ಒಕ್ಕಣ್ಣ ದಳವಾಯಿ, ಒಂಬತ್ತು ವರ್ಷ ಸಾಕಿ ಬೆಳೆಸಿದ ಮಹಾಶೂರ, ಅಟ್ಟಿಸಿಕೊಂಡು ಬರುವ ಇನ್ನೂರು ರಾಕ್ಷಸರನ್ನು ಬೆನ್ನ ಹಿಂದಿಟ್ಟುಕೊಂಡು ಕತ್ತಲಲ್ಲಿ ಸೇತುವೆಗೆ ನುಗ್ಗಿದ. ಷಡ್ಡಕ ಕಾಲ ಬಳಿಯ ಚೀಲದಿಂದ ಎರಡನೆಯ ಆವೃತ್ತಿ ತೆಗೆದು, ಬೆರಳಿಗೆ ಎಂಜಲು ಹಚ್ಚಿ, ಪುಟ ತಿರುಗಿಸಿದ.

“ಪುಟ ಎಂಬತ್ಮೂರು. ಸೇತುವೆ ಇಲ್ಲ. ಬಿದ್ದೆ ತಮ್ಮಾ.”

“ಅಣ್ಣಾ, ನಾವು ಆಡ್ತಿರೋದು ಮೊದಲನೇ ಎಡಿಷನ್ನು!”

“ಸೂತ್ರಧಾರ ಯಾರು? ನಾನು. ಯಾವ ಎಡಿಷನ್ ತೆಗೀಬೇಕು ಅನ್ನೋದು ನನ್ನಿಷ್ಟ.”

ಅಷ್ಟಕ್ಕೇ ಬಿಟ್ಟಿದ್ದರೆ ಬೈಂಡರ್ ಅತ್ತು ಮರೆಯುತ್ತಿದ್ದನೇನೋ. ಷಡ್ಡಕ ಆಟದ ನಿಯಮಗಳ ಪುಸ್ತಕ ಎಳೆದುಕೊಂಡು ತನ್ನ ದುಂಡು ಅಕ್ಷರದಲ್ಲಿ ಬರೆದ: 'ಸೂತ್ರಧಾರನು ಆಟದ ನಡುವೆ ಯಾವ ಆವೃತ್ತಿಯನ್ನಾದರೂ ತೆರೆಯಬಹುದು. ತೆರೆದ ಪುಟವೇ ಸತ್ಯ.' ಎಲ್ಲರಿಂದಲೂ ಸಹಿ ಹಾಕಿಸಿದ, ಸತ್ತವನ ಯಜಮಾನನಿಂದಲೂ. ಮರುವರ್ಷ ಡಾಕ್ಟರಮ್ಮ ಸೂತ್ರಧಾರರಾದಾಗ ಷಡ್ಡಕನ ವೀರ, ಬೆಳ್ಳಿಗವಚದ ಯುವರಾಜ, ಹೊಳೆಗೆ ಮುಳುಗು ಹಾಕಿ ದಳವಾಯಿಯ ಕತ್ತಿಯನ್ನೇ ಎತ್ತಿಕೊಂಡು ಬಂದ. ಅಂದಿನಿಂದ ಪ್ರತಿ ಭಾನುವಾರ ಷಡ್ಡಕ “ಎಳೀತೀನಿ ಕತ್ತೀನ!” ಎಂದು ಗುಡುಗುತ್ತಿದ್ದ, ಬೈಂಡರ್ ಚಹಾ ಹೀರುತ್ತಿದ್ದ.

ದಳವಾಯಿಯ ಹಾಳೆಯನ್ನು ಅವನು ಅಂಗಡಿಯ ಕಬ್ಬಿಣದ ಪ್ರೆಸ್ಸಿನಲ್ಲಿ ಇಟ್ಟು ಬಿಗಿದ. ಆ ನಿಯಮಗಳ ಪುಸ್ತಕಕ್ಕೆ ತನ್ನ ಕೈಯಾರೆ ಚರ್ಮದ ಹೊದಿಕೆ ಹಾಕಿದ, ಒಳ್ಳೆಯ ಚರ್ಮ, ಮೂಲೆಗೆಲ್ಲ ಬಟ್ಟೆ. ಅವಮಾನದ ಪತ್ರಕ್ಕೆ ಇಷ್ಟು ಆರೈಕೆ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, “ಬಾಳಿಕೆ ಬರಬೇಕಲ್ಲ,” ಎಂದಿದ್ದ.

ಡಾಕ್ಟರಮ್ಮ ನಡೆಸಿದ ಕಥೆ ಮುಗಿಯಲು ಹತ್ತು ವರ್ಷ ಹಿಡಿಯಿತು, ಆಮೇಲೆ ಸೂತ್ರಧಾರನ ಸರದಿ ಅವನಿಗೆ ಬಂತು. ಅದೇ ಹೊತ್ತಿಗೆ ಮೂರನೆಯ ಆವೃತ್ತಿಯೂ ಪಾರ್ಸೆಲಿನಲ್ಲಿ ಬಂತು: ನುಣುಪು ಕಾಗದ, ಬಣ್ಣದ ನಕ್ಷೆಗಳು, ಹತ್ತು ವರ್ಷ ಮುಂದಕ್ಕೆ ಹೋದ ಕಥೆ. ಯಾವುದನ್ನು ಆಡುವುದೆಂದು ಸಭೆ ಸೇರಿತು.

“ನನ್ನ ಕೇಳಿದ್ರೆ ಮೊದಲನೇದೇ,” ಎಂದರು ಡಾಕ್ಟರಮ್ಮ. “ಕಪ್ಪು ಮಸಿ ಚಿತ್ರ. ಅದರಲ್ಲಿ ರಾಕ್ಷಸರಿಗೂ ಹಲ್ಲು ಎಣಿಸಿ ಬರೆದಿದ್ದಾರೆ.”

“ಆ ಮುದಿ ಪುಸ್ತಕನಾ?” ಷಡ್ಡಕ ಮೂಗು ಮುರಿದ. “ಅದರ ನಕ್ಷೆಗೆ ಅಳತೆಗೋಲೂ ಇಲ್ಲ, ಉತ್ತರ ದಿಕ್ಕೂ ಇಲ್ಲ. ಮೂರನೇದು ನೋಡಿ, ಏನು ನಕ್ಷೆ! ಏನ್ ರೈಟ್?”

“ರೈಟ್,” ಎಂದ ರೈಟ್.

“ಮೊದಲನೇದು ಚೆನ್ನಾಗಿತ್ತು ಅಲ್ವೇನ್ರೀ ಕಂಡಕ್ಟರೇ?”

“ರೈಟ್ ಡಾಕ್ಟರಮ್ಮ.”

ಎಲ್ಲರೂ ಬೈಂಡರನ ಕಡೆ ತಿರುಗಿದರು. ಮೊದಲನೆಯ ಆವೃತ್ತಿಯೆಂದರೆ ಅವನಿಗೆ ಪ್ರಾಣ. ಮೂರು ಸಲ ಬಿಚ್ಚಿ ಮೂರು ಸಲ ಹೊಲಿದಿದ್ದ. ಅದನ್ನು ಆರಿಸಿದರೆ ಆ ಕಲ್ಲು ಸೇತುವೆ ಮತ್ತೆ ನಿಲ್ಲುತ್ತಿತ್ತು, ಅದರ ಮೇಲೆ ತನ್ನ ದಳವಾಯಿಗೊಂದು ವೀರಗಲ್ಲನ್ನಾದರೂ ನಿಲ್ಲಿಸಬಹುದಿತ್ತು. ಅವನು ಉಗುರಿನ ಅಂಟು ಕೆರೆದುಕೊಳ್ಳುತ್ತ, “ಅಣ್ಣ ಹೇಳ್ದಂಗೆ ಆಗ್ಲಿ. ಮೂರನೇದು,” ಎಂದ.

ಡಾಕ್ಟರಮ್ಮನ ಬಾಯಿ ಅವರ ರೋಗಿಗಳ ಬಾಯಿಯಂತೆ ತೆರೆದುಕೊಂಡಿತು.

“ಹನ್ನೊಂದು ವರ್ಷ ಮೊದಲನೇದು ಮೊದಲನೇದು ಅಂತ ನನ್ನ ಪ್ರಾಣ ತಿಂದ್ರಿ,” ಮನೆಯಲ್ಲಿ ಹೆಂಡತಿ ಕೈ ಸೊಂಟಕ್ಕಿಟ್ಟಳು. “ಈಗ ಭಾವ ಒಂದು ಮಾತು ಅಂದ್ರು, ನೀವು ಹೂಂ ಅಂದ್ರಿ. ಬೆನ್ನುಮೂಳೆ ಎಲ್ಲಿಟ್ಟಿದ್ದೀರಿ, ಅಂಗಡೀಲಾ?”

“ಅಲ್ಲೇ ಇದೆ. ಹೊಲೀತಾ ಇದೀನಿ.”

ಹೊಸ ಪುಸ್ತಕ ಅಂಟಿನ ಕೆಲಸ. ವಾರದಲ್ಲಿ ಹಾಳೆ ಉದುರತೊಡಗಿತ್ತು. ಬೈಂಡರ್ ಅದನ್ನು ಪೂರ್ತಿ ಬಿಚ್ಚಿ ಗಟ್ಟಿಯಾಗಿ ಹೊಲಿದ. ಹೊಲಿಯುವಾಗ ಸೂತ್ರಧಾರನಷ್ಟೇ ಓದಬೇಕಾದ ಗುಟ್ಟಿನ ಅಧ್ಯಾಯವನ್ನು ಓದಿಕೊಂಡ. ಕಂಚಿನಕೋಟೆಯಲ್ಲಿ ಈಗ ಕಾಣುವುದು ಎರಡು ಮುರುಕು ಕಂಬ ಮಾತ್ರ. ಆದರೆ ಅವುಗಳ ನಡುವೆ ಕಣ್ಣಿಗೆ ಕಾಣದ ಗಾಜಿನ ಸೇತುವೆಯಿದೆ. ಗೊತ್ತಿದ್ದವನು ನಿರ್ಭಯವಾಗಿ ನಡೆದು ಹೋಗಬಹುದು. ಬೈಂಡರ್ ಆ ಅಧ್ಯಾಯದ ಅಂಚಿಗೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿ ಮುಚ್ಚಿದ. ಕೊನೆಗೆ ಒಂದು ಎಡಗೈ ಗಂಟು.

ನಿರೀಕ್ಷಿಸಿದಂತೆಯೇ ಷಡ್ಡಕ ಬಂದ. ನಕ್ಷೆ ಕಂಡರೆ ನಕಲು ತೆಗೆಯದೆ ಬಿಡುವ ಜೀವವಲ್ಲ ಅದು.

“ತಮ್ಮಾ, ಒಂದು ವಾರ ಕೊಡು. ನಕ್ಷೆ ಬರ್ಕೊಂಡು ಕೊಡ್ತೀನಿ.”

“ತಗೊಂಡು ಹೋಗಿ ಅಣ್ಣ. ಆ ಹೊಲಿದಿರೋ ಭಾಗ ಮಾತ್ರ ಬಿಚ್ಚಬೇಡಿ.”

“ಛೆ! ನನ್ನನ್ನ ಏನಂದ್ಕೊಂಡೆ?”

ಏನಂದುಕೊಂಡಿದ್ದನೋ ಅದೇ ಆಯಿತು. ವಾರದ ಮೇಲೆ ಪುಸ್ತಕ ಮರಳಿತು. ದಾರ ಅದೇ ಕೆಂಪು, ಹೊಲಿಗೆ ಅದೇ ಮೂರು, ಗಂಟು ಮಾತ್ರ ಬಲಗೈಯದು. ಆ ಸಂಜೆ ಪಕ್ಕದ ಟೈಪಿಂಗ್ ಅಂಗಡಿಯವಳು, ಬೈಂಡರಣ್ಣ ಹಾಡುತ್ತಿದ್ದಾರೆ, ಜ್ವರವೇನಾದರೂ ಬಂದಿದೆಯೋ ಎಂದು ಅವನ ಹೆಂಡತಿಗೆ ಫೋನ್ ಮಾಡಿ ಕೇಳಿದಳು.

ಭಾನುವಾರ ಬಂತು. ಬೈಂಡರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕಥೆ ವೀರರನ್ನು ಕಂಚಿನಕೋಟೆಯ ಹೊಳೆಯ ದಡಕ್ಕೆ ತಂದು ನಿಲ್ಲಿಸಿತು. ಆಚೆ ದಡದಲ್ಲಿ ನಿಧಿ. ಕೆಳಗೆ ಬಂಡೆಗಳ ನಡುವೆ ನೊರೆಗಟ್ಟಿದ ನೀರು. ಎದುರಿಗೆ ಎರಡು ಮುರುಕು ಕಂಬ.

“ನಾನು ದೋಣಿ ಹುಡುಕ್ತೀನಿ,” ಎಂದರು ಡಾಕ್ಟರಮ್ಮ.

“ರೈಟ್. ನಾನೂ.”

ಷಡ್ಡಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. “ಹೇಡಿಗಳು ದೋಣಿ ಹತ್ಲಿ. ಯುವರಾಜ ಕತ್ತಿ ಎಳೆದು, ಕಂಬದ ತುದಿಯಿಂದ ನೇರ ಗಾಳಿಯೊಳಗೆ ಕಾಲಿಡ್ತಾನೆ.”

“ಅಣ್ಣಾ, ಕೆಳಗೆ ಬಂಡೆ ಇದೆ.”

“ಇರ್ಲಿ.”

“ಒಂದು ಕಲ್ಲಾದ್ರೂ ಎಸೆದು ನೋಡಬಾರ್ದಾ?”

“ನನ್ನ ವೀರನ ಮನಸ್ಸು ಹೇಳ್ತಿದೆ, ದಾರಿ ಇದೆ ಅಂತ. ನಡೆದ!”

ಬೈಂಡರ್ ಮೂರನೆಯ ಆವೃತ್ತಿಯನ್ನು ಮೆಲ್ಲಗೆ ಮುಚ್ಚಿದ. ಕಾಲ ಬಳಿಯ ಚೀಲಕ್ಕೆ ಕೈ ಹಾಕಿದ. ಎರಡನೆಯ ಆವೃತ್ತಿ ಹೊರಬಂತು. ಎಡಗೈ ಬೆರಳಿಗೆ ಧಾರಾಳವಾಗಿ ಎಂಜಲು ಹಚ್ಚಿದ.

“ಪುಟ ಎಂಬತ್ಮೂರು. ಸೇತುವೆ ಇಲ್ಲ. ಬಿದ್ರಿ ಅಣ್ಣಾ.”

ಷಡ್ಡಕನ ಮುಖ ಸುಣ್ಣದಂತಾಗಿ, ಆಮೇಲೆ ಕೆಂಪಡರಿತು. “ಮೋಸ! ನಾವು ಆಡ್ತಿರೋದು ಮೂರನೇ ಎಡಿಷನ್ನು!”

ಚರ್ಮದ ಹೊದಿಕೆಯ ನಿಯಮಗಳ ಪುಸ್ತಕ ಮೇಜಿನ ಮೇಲೆ ಹೊಳೆಯುತ್ತ ತೆರೆದುಕೊಂಡಿತು. “ಅಕ್ಷರ ಯಾರದು ಅಣ್ಣ, ಸ್ವಲ್ಪ ಓದಿ. ನನಗೆ ಕನ್ನಡಕ ಸಿಗ್ತಿಲ್ಲ.” ಕನ್ನಡಕ ಅವನ ಮೂಗಿನ ಮೇಲೇ ಇತ್ತು.

“ಅದೆಲ್ಲ ಬೇಡ! ಮೂರನೇದ್ರಲ್ಲಿ ಗಾಜಿನ ಸೇತುವೆ ಇದೆ ಕಣೋ! ಕಣ್ಣಿಗೆ ಕಾಣಲ್ಲ, ಆದ್ರೆ ಇದೆ!”

ರೈಟ್ ಕೈಯಲ್ಲಿದ್ದ ದಾಳವನ್ನು ಕೆಳಗಿಟ್ಟ.

“ಕಾಣದೇ ಇರೋದು ನಿಮಗೆ ಹೇಗೆ ಗೊತ್ತಾಯ್ತು?” ಎಂದರು ಡಾಕ್ಟರಮ್ಮ, ಇಕ್ಕಳ ಹಿಡಿದು ಹತ್ತಿರ ಬರುವ ದನಿಯಲ್ಲಿ.

ಬೈಂಡರ್ ಮೂರನೆಯ ಆವೃತ್ತಿಯನ್ನು ಅವರ ಮುಂದಿಟ್ಟು ಕೆಂಪು ಗಂಟು ತೋರಿಸಿದ. “ಇದು ನಾನು ಹಾಕಿದ ಗಂಟಲ್ಲ. ನನ್ನದು ಆ ಕಡೆಗೆ ಸುತ್ತುತ್ತೆ.” ಪಕ್ಕದಲ್ಲಿ ಇನ್ನೊಂದು ಪುಸ್ತಕದ ಎಡಗೈ ಗಂಟನ್ನೂ ಇಟ್ಟ. ಡಾಕ್ಟರಮ್ಮ ಎರಡನ್ನೂ ಬಗ್ಗಿ ನೋಡಿದರು.

ರೈಟ್ ಬಾಯಿ ತೆರೆದ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನ ಬಾಯಿಂದ 'ರೈಟ್' ಇಲ್ಲದ ಮಾತು ಬಂತು: “ಇಳೀರಿ ಸಾರ್.”

ಯುವರಾಜ ಇಳಿದ, ಕತ್ತಿಯ ಸಮೇತ, ಬಂಡೆಯಿಂದ ಬಂಡೆಗೆ. ಆ ಪತನದ ವರ್ಣನೆಗೆ ಬೈಂಡರ್ ಪೂರಾ ಹದಿನೈದು ನಿಮಿಷ ತೆಗೆದುಕೊಂಡ. ಕವಚದ ಒಂದೊಂದು ಬಿಲ್ಲೆಯೂ ಬೇರೆಬೇರೆ ಸದ್ದು ಮಾಡಿತು. ಷಡ್ಡಕ ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು, ಬಾಗಿಲ ಬಳಿ ನಿಂತ.

“ಹನ್ನೊಂದು ವರ್ಷ ಇದನ್ನೇ ಕಾಯ್ತಿದ್ಯೇನೋ?”

“ಹನ್ನೊಂದು ವರ್ಷ, ನಾಲ್ಕು ತಿಂಗಳು.”

ಸಂಜೆ ಊಟದ ಡಬ್ಬಿ ತೆಗೆದುಕೊಂಡು ಹೋಗಲು ಹೆಂಡತಿ ಅಂಗಡಿಗೆ ಬಂದಳು. ಅವಳ ಅಕ್ಕ ಆಗಲೇ ಫೋನ್ ಮಾಡಿದ್ದಳು: ಭಾವ ಮುಸುಕು ಹೊದ್ದು ಮಲಗಿದ್ದಾರಂತೆ.

“ಸಮಾಧಾನ ಆಯ್ತಾ?”

“ಆಯ್ತು.”

“ಮುಂದಿನ ಸರದಿ ಭಾವಂದೇ ಅಂತಲ್ಲ. ನಿಮ್ಮ ಹೊಸ ವೀರನ್ನ ಬಿಡ್ತಾರಾ?”

ಬೈಂಡರ್ ಪ್ರೆಸ್ಸಿನ ತಿರುಪು ಸಡಿಲಿಸಿ, ಹಳದಿಗಟ್ಟಿದ ದಳವಾಯಿಯ ಹಾಳೆಯನ್ನು ತೆಗೆದ. ಯುವರಾಜನ ಹಾಳೆಯನ್ನು ಕೆಳಗಿಟ್ಟು, ದಳವಾಯಿಯನ್ನು ಅದರ ಮೇಲೆ ಕೂರಿಸಿದ.

“ನನ್ನ ಹೊಸ ವೀರ ಅಂಬಿಗ ಕಣೇ,” ಎನ್ನುತ್ತ ತಿರುಪನ್ನು ಎಡಗೈಯಲ್ಲಿ ಬಿಗಿದ, ಇನ್ನು ಸುತ್ತದು ಎನ್ನುವವರೆಗೆ. “ಸೇತುವೆ ತಂಟೆಗೇ ಹೋಗಲ್ಲ.”