ಬದುಕಿರುವವನ ಸುದ್ದಿ

ನಮ್ಮ ಸರ್ಕಾರಿ ವಕೀಲರ ಬಲಗಿವಿಯ ತುಂಬ ಬೆಳ್ಳನೆಯ ಕೂದಲು. ಎದುರಿಗಿದ್ದವರು ಸುಳ್ಳು ಶುರುಮಾಡಿದರೆ ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುವುತ್ತ ಕೂರುವರು. ತೊಂಬತ್ತರ ದಶಕದ ಆ ಮಧ್ಯಾಹ್ನ ಶಿರಸಿ ಕೋರ್ಟಿನ ಕೋಣೆಯಲ್ಲಿ ಇದ್ದವರು ಮೂರೇ ಜನ: ಅವರು, ಅವರ ಗುಮಾಸ್ತನಾದ ನಾನು, ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಇನ್‌ಸ್ಪೆಕ್ಟರು.

ಯಲ್ಲಾಪುರದ ಕಾಡಿನಲ್ಲಿ ಸಾಗುವಾನಿ ಕಳ್ಳರು ಫಾರೆಸ್ಟ್ ಗಾರ್ಡನೊಬ್ಬನನ್ನು ಕೊಂದಿದ್ದರು. ಕಣ್ಣಾರೆ ಕಂಡವನು ಒಬ್ಬನೇ, ಮಾಗೋಡಿನ ಆಚೆ ಜೇನು ಕೀಳುವವ. ಆಗ ಮರದ ಮೇಲಿದ್ದ. ಹೆಂಡತಿ ಇಲ್ಲ, ಇರುವವಳು ಮಗಳೊಬ್ಬಳೇ.

ದೊಡ್ಡ ಕೇಸು ವಿಚಾರಣೆಗೆ ಬರುವ ಮುಂಚೆ ಸಾಕ್ಷಿಯ ಊರಿಗೆ ನನ್ನನ್ನು ಅಟ್ಟುವುದು ವಕೀಲರ ಪದ್ಧತಿ. "ಕೇಸಿನ ಸುದ್ದಿ ತೆಗೆಯಡ ಮಾರಾಯಾ. ಚಾ ಕುಡಿ, ಯಾರು ಬಂದು ಹೋಗ್ತ ನೋಡ್ಕ್ಯ ಬಾ."

ನೋಡಿ ಬಂದದ್ದನ್ನು ಆ ದಿನ ಇನ್‌ಸ್ಪೆಕ್ಟರ ಎದುರೇ ಹೇಳಿದೆ: ಊರಿಗೆ ಗುರುತಿಲ್ಲದ ಜೀಪೊಂದು ದಿನವೂ ಬರುತ್ತದೆ. ಯಾರೂ ಇಳಿಯುವುದಿಲ್ಲ. ಶಾಲೆಯ ದಾರಿಯಲ್ಲಿ ಸ್ವಲ್ಪ ನಿಂತು ಹೋಗುತ್ತದೆ. ಜೇನಿನವನ ಮಗಳು ಶಾಲೆ ಬಿಟ್ಟಿದ್ದಾಳೆ.

ಇನ್‌ಸ್ಪೆಕ್ಟರು ನಕ್ಕರು. "ಜೀಪ್ ನಿಂತ್ರ ಏನ್ ಕೇಸ್ ಹಾಕ್ಲಿ ಸಾಹೇಬ್ರ? ನೀವ್ ವಕೀಲ್ರೋ, ಪತ್ತೇದಾರ್ರೋ?"

"ಸತ್ತವನ ಫೈಲು ನಿಮ್ಮ ಹತ್ರ ಇದೆ. ಬದುಕಿರುವವನ ಸುದ್ದಿ ಯಾರ ಹತ್ರ ಇದೆ ಹೇಳಿ," ಎಂದರು ವಕೀಲರು.

ಮರುದಿನದಿಂದ ಜೇನಿನವನ ಗುಡಿಸಲ ಮುಂದೆ ಪೊಲೀಸಿನವನೊಬ್ಬ ಕುಳಿತ. ಜೇನಿನವನು ಕೋರ್ಟಿಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದ. ಆರೋಪಿಗಳು ಅವನನ್ನು ನೋಡಲೇ ಇಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತ ಅವನ ಮಗಳನ್ನೇ ನೋಡುತ್ತಿದ್ದರು.

ಶಿಕ್ಷೆಯಾಯಿತು, ಗುಡಿಸಲ ಮುಂದಿನ ಪೊಲೀಸಿನವನು ಎದ್ದು ಹೋದ. ನಾನು ಪೇಡೆ ತಂದೆ, ವಕೀಲರು ಮುಟ್ಟಲಿಲ್ಲ. "ಶಿಕ್ಷೆ ಆದ ಕೂಡ್ಲೆ ಅವನ ಹೆದರಿಕೆ ಹೋತನೋ?" ಎಂದರು.

ಪ್ರತಿ ಸರ್ಕಾರಿ ವಕೀಲರ ಕಚೇರಿಗೂ ಸಾಕ್ಷಿಗಳ ಸುದ್ದಿ ತರುವವನೊಬ್ಬ ಬೇಕು, ತೀರ್ಪಾದ ಮೇಲೂ ಬೇಕು ಎಂದು ವಕೀಲರು ಮೇಲಿನವರಿಗೆ ಹೇಳಿದ್ದೇ ಹೇಳಿದ್ದು. ನೋಡೋಣ ಎಂದವರು ನೋಡಲಿಲ್ಲ. ವಕೀಲರು ನಿವೃತ್ತರಾಗಿ ತಮ್ಮ ಊರು ಕೋಲಸಿರ್ಸಿಗೆ ಹೋದರು. ಆಮೇಲೆ ಬಂದವರು ನನ್ನನ್ನು ಎಲ್ಲಿಗೂ ಕಳಿಸಲಿಲ್ಲ.

ಅಪೀಲಿನಲ್ಲಿ ಆ ಕಳ್ಳರಿಗೆ ಜಾಮೀನು ಸಿಕ್ಕಿದ್ದು ನಮ್ಮ ಕಚೇರಿಗೂ ತಿಳಿಯಲಿಲ್ಲ. ಸ್ವಲ್ಪ ದಿನಕ್ಕೆ ಜೇನಿನವನ ಹೆಣ ಕಣಿವೆಯಲ್ಲಿ ಸಿಕ್ಕಿತು. ಕಾಲು ಜಾರಿ ಬಿದ್ದ ಎಂದು ಪೊಲೀಸರು ಬರೆದುಕೊಂಡರು.

ಸುದ್ದಿ ಹೇಳಲು ಕೋಲಸಿರ್ಸಿಗೆ ಹೋದೆ. ವಕೀಲರು ಕೇಳಿದ್ದು ಒಂದೇ.

"ಜಾಮೀನಾದ ಸುದ್ದಿ ಅವಂಗೆ ಯಾರಾದ್ರೂ ಹೇಳಿದ್ವಾ?"

"ಇಲ್ಲೆ."

ಮರುದಿನ ಮೊದಲ ಬಸ್ಸಿಗೆ ಅವರು ಯಲ್ಲಾಪುರದ ಕಡೆ ಹೊರಟರು. ಹಿಂದಿರುಗುವಾಗ ಪಕ್ಕದ ಸೀಟಿನಲ್ಲಿ ಜೇನಿನವನ ಮಗಳು ಇದ್ದಳು.