ಒಂದೇ ಕಡೆ ಸಾಣೆ

ನನ್ನ ಅಂಗಡಿಗೆ ಯಾರು ಏನೇ ತಂದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಇದರಲ್ಲಿ ಏನು ಕೊಯ್ತೀರಿ?" ಕೆಲವರಿಗೆ ಇದು ಕಿರಿಕಿರಿ. ಆರ್.ಟಿ. ನಗರದ ಒಬ್ಬ ಹೆಂಗಸು ಈಳಿಗೆ ಮಣೆಯನ್ನು ನನ್ನ ಮುಂದೆ ಕುಕ್ಕಿ, "ಸಾಣೆ ಹಿಡಿಯೋರೋ ಪೊಲೀಸ್ನೋರೋ ನೀವು? ಹುಳಿಗೆ ತರಕಾರಿ ಹೆಚ್ತೀನಿ, ಸಾಕಾ?" ಎಂದು ಗದರಿದ್ದರು. ಸಾಕು ಎಂದು ನಕ್ಕು ಕೆಲಸಕ್ಕೆ ಕೂತೆ. ಆ ಪ್ರಶ್ನೆಯನ್ನು ನನಗೆ ಕಲಿಸಿದವರ ಬಗ್ಗೆ ಅವರಿಗೆ ಹೇಳಬೇಕೆನಿಸಿತ್ತು, ಆದರೆ ಅವರಿಗೆ ಒಲೆಯ ಮೇಲಿಟ್ಟ ಬೇಳೆಯ ಚಿಂತೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅದಕ್ಕೂ ಮುಂಚೆ ಹತ್ತು ವರ್ಷ ಸೈಕಲ್ಲಿಗೆ ಸಾಣೆ ಚಕ್ರ ಕಟ್ಟಿಕೊಂಡು ಜಾಲಹಳ್ಳಿಯ ಕ್ವಾರ್ಟರ್ಸ್, ಯಶವಂತಪುರದ ಬೀದಿಗಳಲ್ಲಿ ಕೂಗುತ್ತಾ ಅಲೆದಿದ್ದೆ. ಕೊನೆಗೆ ಹೆಬ್ಬಾಳದಲ್ಲಿ ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ಒಂದು ಪೆಟ್ಟಿಗೆ ಅಂಗಡಿ ಹಾಕಿದೆ. ಕರೆಂಟಿನ ಮೋಟಾರು ಕೂರಿಸಿದ ಮೇಲಂತೂ ನನ್ನ ಕಾಲು ನೆಲದ ಮೇಲಿರಲಿಲ್ಲ. ಟೈಲರುಗಳ ಕತ್ತರಿ, ಕ್ಷೌರದವರ ಕತ್ತಿ, ಹೋಟೆಲಿನವರ ಚಾಕು, ಎಲ್ಲವೂ ನನ್ನ ಕೈಯಿಂದ ಹೊಸದಾಗಿ ಹೊರಡುತ್ತಿದ್ದವು. ಕೊಡುವ ಮುಂಚೆ ಅಲಗನ್ನು ನನ್ನ ಮುಂಗೈ ಮೇಲೆ ಆಡಿಸಿ ಕೂದಲು ಬೋಳಿಸಿ ತೋರಿಸುವುದು ನನ್ನ ಷೋಕಿ. ಹೀಗಾಗಿ ಎಡಗೈ ವರ್ಷವಿಡೀ ನುಣ್ಣಗಿರುತ್ತಿತ್ತು.

ಒಂದು ಮಳೆಗಾಲದ ಆರಂಭದಲ್ಲಿ ಕೊಡಿಗೇಹಳ್ಳಿ ಕಡೆಯ ಒಬ್ಬ ಅಕ್ಕ ಬಂದರು. ವಯಸ್ಸು ನಲವತ್ತರ ಆಸುಪಾಸು. ಹತ್ತಿರದ ನರ್ಸರಿಯೊಂದರಲ್ಲಿ ಗಿಡಗಳಿಗೆ ಕಸಿ ಕಟ್ಟುವ ಕೆಲಸ. ಸೆರಗಿನಲ್ಲಿ ಸುತ್ತಿ ತಂದದ್ದು ಒಂದು ಗೇಣಿಗಿಂತ ಚಿಕ್ಕ ಚಾಕು. ಅವರ ಮೈದುನ ಅದರಲ್ಲಿ ತಂತಿ ಕತ್ತರಿಸಲು ಹೋಗಿ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಎಗರಿಸಿದ್ದ. ನಾನು ಏನೂ ಕೇಳದೆ ಚಾಕು ಇಸಿದುಕೊಂಡು, ಸಂಜೆ ಬನ್ನಿ ಎಂದೆ.

ಚೂರು ಹೋದ ಜಾಗ ಮಾಯವಾಗುವವರೆಗೆ ಅಂಚನ್ನು ಹಿಂದಕ್ಕೆ ಉಜ್ಜಿದೆ. ಆಗ ನೋಡಿದರೆ ಅಲಗಿನ ಒಂದು ಮಗ್ಗುಲಿಗೆ ಮಾತ್ರ ಇಳಿಜಾರಾಗಿ ಸಾಣೆ ಹಿಡಿದಿದೆ, ಇನ್ನೊಂದು ಮಗ್ಗುಲು ಹಲಗೆಯ ಹಾಗೆ ಚಪ್ಪಟೆ. ಯಾವನೋ ಸೋಮಾರಿ ಅರ್ಧ ಕೆಲಸ ಮಾಡಿ ಕೈ ತೊಳೆದುಕೊಂಡಿದ್ದಾನೆ ಎಂದು ಬೈದುಕೊಂಡು, ಎರಡೂ ಮಗ್ಗುಲಿಗೆ ಸಮನಾಗಿ ಸಾಣೆ ಹಿಡಿದೆ. ಸಂಜೆ ಅಕ್ಕ ಬಂದಾಗ ಮುಂಗೈ ಕೂದಲು ಹಾರಿಸಿ, "ಇಂಥ ಸಾಣೆ ಇಡೀ ಬೆಂಗ್ಳೂರಲ್ಲಿ ಯಾರೂ ಹಿಡಿಯಲ್ಲ, ತಗೊಳ್ಳಿ," ಎಂದೆ. ಅವರು ಚಾಕುವನ್ನು ಕೈಯಲ್ಲಿ ಎರಡು ಸಲ ಹೊರಳಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೊರಟುಹೋದರು.

ತಿಂಗಳ ಮೇಲೆ ಅದೇ ಚಾಕು, ಜೊತೆಗೆ ಒಣಗಿ ಕರ್ರಗಾದ ಒಂದಿಷ್ಟು ಮಾವಿನ ಕಡ್ಡಿ ಹಿಡಿದು ಬಂದರು.

"ಒಂದೂ ಕೂಡ್ಲಿಲ್ಲ ಅಣ್ಣ," ಎಂದರು. "ಎಲ್ಲಾ ಒಣಗೋದ್ವು."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಚಾಕುನಲ್ಲಿ ಏನ್ ತಪ್ಪಿದೆ? ನೀವು ಕಟ್ಟಿದ್ದೇ ಸರಿ ಇರಲ್ಲ, ನೋಡ್ಕೊಳ್ಳಿ," ಎಂದುಬಿಟ್ಟೆ.

ಅವರು ಜಗಳಕ್ಕೆ ನಿಲ್ಲಲಿಲ್ಲ. ಅಂಗಡಿ ಮುಂದಿನ ಹೊಂಗೆ ಮರದಿಂದ ಎರಡು ಕಡ್ಡಿ ಮುರಿದುಕೊಂಡು, ಎರಡನ್ನೂ ಓರೆಯಾಗಿ ಕೊಯ್ದರು. ಕೊಯ್ದ ಮುಖಗಳನ್ನು ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿದು ನನ್ನ ಕಣ್ಣ ಮುಂದೆ ತಂದರು. "ನೋಡಣ್ಣ, ಬೆಳಕು ತೂರ್ತಾ ಐತೆ. ಎರಡೂ ಕಡೆ ಸಾಣೆ ಇದ್ರೆ ಅಲಗು ಮರದಿಂದ ಆಚೆ ಜಾರ್ತದೆ, ಕೊಯ್ದಿದ್ದು ಗುಂಡಗಾಯ್ತದೆ. ಗಾಯಕ್ಕೆ ಗಾಯ ಅಂಟ್ಕೊಂಡ್ರೆ ತಾನೇ ಕಸಿ ಕೂಡೋದು? ಅದ್ಕೇ ಒಂದ್ ಮಗ್ಗುಲು ಚಪ್ಪಟೆ ಇರ್ಬೇಕು."

ಎರಡು ಕಡ್ಡಿಗಳ ನಡುವೆ ಬೆಳಕಿನ ಸಣ್ಣ ಗೆರೆಯೊಂದು ನನಗೂ ಕಂಡಿತು. ನಾನು ಸೋಮಾರಿ ಎಂದು ಬೈದಿದ್ದವನು ನನಗಿಂತ ತಿಳಿದವನಾಗಿದ್ದ.

ಆಮೇಲೆ ಅವರು ವಿಷಯ ಹೇಳಿದರು. ಆ ಕಡ್ಡಿಗಳು ಅವರ ಮಾವನವರು ನೆಟ್ಟಿದ್ದ ಒಂದು ಮಾವಿನ ಮರದವು. ಅದರ ಹಣ್ಣಿನ ರುಚಿ ನರ್ಸರಿಯ ಯಾವ ಗಿಡದಲ್ಲೂ ಅವರಿಗೆ ಸಿಕ್ಕಿರಲಿಲ್ಲ. ಜಮೀನು ಲೇಔಟಿಗೆ ಹೋಗಿತ್ತು. ಮರ ಕಡಿದು ಜಾಗ ಬಿಟ್ಟುಕೊಡಿ ಎಂದು ಲೇಔಟಿನವರು ದಸರಾವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಅದರ ಕಡ್ಡಿಗಳನ್ನು ಮಾವಿನ ಓಟೆ ಬೀಜದಿಂದ ಎದ್ದ ಸಸಿಗಳಿಗೆ ಕಸಿ ಕಟ್ಟಿ ಉಳಿಸಿಕೊಳ್ಳಬೇಕು. ಕೈಗೆಟುಕುವ ಒಳ್ಳೆಯ ಕಡ್ಡಿಗಳೆಲ್ಲ ಈ ಸಲವೇ ಹಾಳಾಗಿದ್ದವು. ಇನ್ನು ಉಳಿದಿದ್ದದ್ದು ಮೇಲಿನ ಕೊಂಬೆಗಳ ಏಳೆಂಟು ಕಡ್ಡಿ ಮಾತ್ರ.

"ಅವತ್ತೇ ಯಾಕಕ್ಕ ಹೇಳ್ಲಿಲ್ಲ?" ಎಂದೆ.

"ಕೈಗೆ ಗೊತ್ತಾಯ್ತು, ಏನೋ ಬೇರೆ ತರ ಐತೆ ಅಂತ. ನೀವು ಅಷ್ಟು ಗಟ್ಟಿಯಾಗಿ ಏಳಿದ್ರಲ್ಲ, ಸರಿ ಇರ್ತದೆ ಅಂದ್ಕೊಂಡೆ. ನನ್ ಕೈನೇ ನಾನು ನಂಬ್ಲಿಲ್ಲ. ತಪ್ಪು ನಂದೂ ಐತೆ ಬಿಡಣ್ಣ."

ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ತಪ್ಪಿನಲ್ಲಿ ಪಾಲು ತೆಗೆದುಕೊಂಡರಲ್ಲ, ಅದಕ್ಕೆ ನನಗೆ ಕಣ್ಣು ತುಂಬಿ ಬಂತು.

ಮೋಟಾರಿನ ಚಕ್ರ ಇಲ್ಲಿ ಪ್ರಯೋಜನಕ್ಕಿರಲಿಲ್ಲ. ಗುಂಡನೆಯ ಕಲ್ಲು ಅಲಗನ್ನು ಚಪ್ಪಟೆ ಮಾಡುವುದಿಲ್ಲ, ಸಾಲದ್ದಕ್ಕೆ ತೆಳ್ಳನೆಯ ಚಾಕು ಕಾದು ಕೆಟ್ಟುಹೋಗುತ್ತದೆ. ಸೈಕಲ್ ಕಾಲದ ಹಳೆಯ ಚಪ್ಪಟೆ ಕಲ್ಲನ್ನು ಪೆಟ್ಟಿಗೆಯ ಅಡಿಯಿಂದ ಎಳೆದು ನೀರು ಹಾಕಿ ಕೂತೆ. ಒಂದು ಮಗ್ಗುಲನ್ನು ಪೂರ್ತಿ ಕಲ್ಲಿಗೆ ಅಂಟಿಸಿ, ಕೈ ಸ್ವಲ್ಪವೂ ಎತ್ತದೆ, ನಿಧಾನವಾಗಿ ಉಜ್ಜುತ್ತಾ ಹೋದೆ. ಬೇರೆ ಗಿರಾಕಿಗಳಿಗೆ ನಾಳೆ ಬನ್ನಿ ಎಂದೆ. ಅಕ್ಕ ಎದುರಿನ ಕಲ್ಲಿನ ಮೇಲೆ ಕೂತಿದ್ದರು. ಅರ್ಧ ಗಂಟೆಗೊಮ್ಮೆ ಚಾಕು ಕೊಡುತ್ತಿದ್ದೆ, ಅವರು ಎರಡು ಕಡ್ಡಿ ಕೊಯ್ದು, ಕೂಡಿಸಿ, ಬೆಳಕಿಗೆ ಹಿಡಿದು, ಇನ್ನೂ ಇಲ್ಲ ಎನ್ನುವಂತೆ ತಲೆಯಾಡಿಸುತ್ತಿದ್ದರು. ಕೆಲಸ ಕಲಿತ ಕಾಲದಲ್ಲೂ ನನ್ನನ್ನು ಯಾರೂ ಅಷ್ಟು ಸಲ ವಾಪಸ್ ಕೂರಿಸಿರಲಿಲ್ಲ. ಆದರೂ ಅಂದು ಬೇಜಾರಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಅವರು ಕಡ್ಡಿಗಳನ್ನು ಬಹಳ ಹೊತ್ತು ಹಿಡಿದು ನೋಡಿ, ನನ್ನ ಕಡೆ ಚಾಚಿದರು. ನಡುವೆ ಬೆಳಕು ಇರಲಿಲ್ಲ. ಚಾಕು ಮೊದಲಿಗಿಂತ ಸಣ್ಣದಾಗಿತ್ತು, ಅಷ್ಟೆ.

ಆಮೇಲೆ ಎರಡು ತಿಂಗಳು ಅವರ ಸುಳಿವಿಲ್ಲ. ಕೊಡಿಗೇಹಳ್ಳಿಯ ಹಾಲಿನವರು ಸೈಕಲ್ಲಿನಲ್ಲಿ ಹಾದುಹೋಗುವಾಗ ನಿಲ್ಲಿಸಿ ಕೇಳಲೇ ಎನಿಸುತ್ತಿತ್ತು, ಕೇಳಲು ಹೆದರಿಕೆ. ಚಾಕು ಸರಿಮಾಡಬಹುದು, ಹಾಳಾದ ಕಡ್ಡಿಗಳನ್ನು ಎಲ್ಲಿಂದ ತರಲಿ? ಅಷ್ಟರಲ್ಲಿ ಯಾರೇ ಬಂದರೂ ಏನು ಕೊಯ್ತೀರಿ ಎಂದು ಕೇಳುವುದು ನನಗೆ ಅಭ್ಯಾಸವಾಗಿತ್ತು.

ಆಯುಧಪೂಜೆಗೆ ನಾಲ್ಕು ದಿನ ಇದ್ದಾಗ ಅಕ್ಕ ಬಂದರು. ಅಂಗಡಿ ಮುಂದೆ ಜನವೋ ಜನ. ಅವರ ಹೆಗಲ ಮೇಲೆ ಒಂದು ದೊಡ್ಡ ಕೊಡಲಿ.

"ಏನಕ್ಕ ಕಡೀತೀರಿ ಇದರಲ್ಲಿ?" ಎಂದು ಅಭ್ಯಾಸದಂತೆ ಕೇಳಿಯೇಬಿಟ್ಟೆ.

"ಅದೇ ಮರ."

ನನ್ನ ಕೈಲಿದ್ದ ಕತ್ತರಿ ಹಾಗೇ ನಿಂತಿತು. "ಮತ್ತೆ ಕಸಿ?"

"ಏಳು ಕಟ್ಟಿದ್ದೆ. ಮೂರು ಚಿಗುರವೆ ಅಣ್ಣ. ಎಲೆ ಬಿಡೋಗಂಟ ಮರಕ್ಕೆ ಯಾರ್ನೂ ಕೈ ಇಡಾಕೆ ಬಿಟ್ಟಿರ್ಲಿಲ್ಲ. ಈಗ ನಮ್ಮ ಯಜಮಾನ್ರೇ ಕಡೀತಾರೆ. ಮೊಂಡ ಕೊಡ್ಲೀಲಿ ಅದುನ್ನ ಗೋಳಾಡಿಸ್ಬಾರ್ದು, ಚೆನ್ನಾಗಿ ಸಾಣೆ ಮಾಡ್ಕೊಡಿ." ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ಇದಕ್ಕೆ ಎರಡೂ ಕಡೆ ಮಾಡಿ."

ಸಾಲಿನಲ್ಲಿದ್ದವರನ್ನೆಲ್ಲ ಕಾಯಿಸಿ ಆ ಕೊಡಲಿಗೆ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕೃತಜ್ಞತೆಯಿಂದ ಇನ್ನೊಂದು ಅಲಗನ್ನು ಮುಟ್ಟಿದ ನೆನಪಿಲ್ಲ. ಮುಗಿದ ಮೇಲೆ ಮುಂಗೈ ಕೂದಲು ಬೋಳಿಸಿ ತೋರಿಸಲಿಲ್ಲ, ಹಾಗೇ ಅವರ ಕೈಗೆ ಕೊಟ್ಟೆ. ಅವರು ಅಂಚಿನ ಮೇಲೆ ಹೆಬ್ಬೆರಳು ಅಡ್ಡಲಾಗಿ ಆಡಿಸಿ, ಹೊರಳಿಸಿ ಇನ್ನೊಂದು ಕಡೆಯೂ ನೋಡಿ, ಸರಿಯಾಗಿದೆ ಎಂದರು.